ಇಡೀ ದಿನದ ಬರೋಕ್ ಆರ್ಗನ್ ಕಛೇರಿ: ಕನ್ಸರ್ಟ್ ಹಾಲ್‌ನಲ್ಲಿ ಕ್ರಮ, ಶ್ರುತಿ, ಗಾಳಿ

ಮಂದ್ರಪೆಡಲ್:
ಬೆಳಗ್ಗೆ 10ರಿಂದ ರಾತ್ರಿ 9ರವರೆಗೆ ಬರೀ ಬರೋಕ್ (ಯೂರೋಪಿನ ಸುಮಾರು 1600ರಿಂದ 1750ರ ಕಾಲದ) ಆರ್ಗನ್ ಸಂಗೀತ. ಜಾಗ ಕನ್ಸರ್ಟ್ ಹಾಲ್, ಚರ್ಚ್ ಅಲ್ಲ. ಇದಕ್ಕೊಂದು ಸರಿಯಾದ ಕ್ರಮ ಹಾಕುವುದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡೋಣ.

ಹಾಲ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ರೀಗರ್ ಕಂಪನಿಯ 1986ರ ಆರ್ಗನ್ ಇದೆ: 74 ಸ್ಟಾಪ್ (ಒಂದು ಬಗೆಯ ನಾದದ ಕೊಳವೆಸಾಲು; ಹಿಡಿ ಎಳೆದರೆ ನುಡಿಯುತ್ತದೆ, ಒಳಗೆ ತಳ್ಳಿದರೆ ನಿಲ್ಲುತ್ತದೆ), 5,898 ಕೊಳವೆ. ವಿಯೆನ್ನಾದ ಮುಸಿಕ್‌ಫೆರೈನ್‌ನಲ್ಲಿ ಅದೇ ಕಂಪನಿಯದು, 2011ರದ್ದು, 86 ಸ್ಟಾಪ್. ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೊನಿಯಲ್ಲಿ ಬಾನ್ ನಗರದ ಕ್ಲೈಸ್ ಕಟ್ಟಿದ 69 ಸ್ಟಾಪ್‌ಗಳ ವಾದ್ಯ. ಇವು ಆರ್ಕೆಸ್ಟ್ರಾದ ಜೊತೆಗೂ ನಿಲ್ಲಬೇಕು, ಬಾಖ್‌ಗೂ ಒದಗಬೇಕು, 19ನೇ ಶತಮಾನದ ಫ್ರೆಂಚ್ ಸಂಗೀತಕ್ಕೂ ಸಲ್ಲಬೇಕು. ಹಾಗಾಗಿ ಶ್ರುತಿ ಸಮವಿಭಜನೆಯದು (ಸ್ಥಾಯಿಯನ್ನು 12 ಸಮಭಾಗ ಮಾಡಿದ್ದು), ಎ ಸ್ವರ 440 ಹರ್ಟ್ಸ್ ಆಸುಪಾಸಿನದು. ಜನ ತುಂಬಿದ ಹಾಲ್‌ನಲ್ಲಿ ಪ್ರತಿಧ್ವನಿ ಸುಮಾರು 2 ಸೆಕೆಂಡು. ದೊಡ್ಡ ಕಥೀಡ್ರಲ್‌ಗಳಲ್ಲಿ ಅದೇ 6, 8 ಸೆಕೆಂಡು ನಿಲ್ಲುತ್ತದೆ. ಬರೋಕ್ ಕೃತಿಗಳ ಅರ್ಧ ಲೆಕ್ಕಾಚಾರ ಇಲ್ಲಿಗೇ ಬದಲಾಗುತ್ತದೆ.

ಮೊದಲ ಕರಡು ಹೀಗಿದೆ. 45 ನಿಮಿಷದ ಎಂಟು ಕಂತುಗಳು. 10:00, 11:10, 12:20, ಊಟದ ಬಿಡುವಾದ ಮೇಲೆ 14:30, 15:40, 16:50, ಮತ್ತೆ ಬಿಡುವು, 19:00, 20:15. ಒಟ್ಟು 6 ಗಂಟೆ ಸಂಗೀತ. ಕೃತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟಿದ್ದೇನೆ: ಸ್ವೇಲಿಂಕ್, ಫ್ರೆಸ್ಕೊಬಾಲ್ಡಿ, ಸ್ಪೇನ್‌ನವರು, ಬುಕ್ಸ್‌ಟೆಹೂಡೆ ಮತ್ತು ಬ್ರೂನ್ಸ್, ಪಾಖೆಲ್‌ಬೆಲ್ ಮತ್ತು ಬೋಮ್, ಕೂಪೆರಾಂ ಮತ್ತು ದ ಗ್ರಿನ್ಯಿ, ಹ್ಯಾಂಡೆಲ್, ಕೊನೆಗೆ ಬಾಖ್. ತಪ್ಪಿದ್ದರೆ ಹೇಳಿ.

ಕೊಳವೆಗೂಡು:
ಕಾಲಾನುಕ್ರಮ ಪುಸ್ತಕಕ್ಕೆ ಸರಿ, ಆರ್ಗನ್‌ಗೆ ಸರಿಯಿಲ್ಲ. ದಿನವಿಡೀ ನಡೆಯುವ ಕಾರ್ಯಕ್ರಮದ ಕ್ರಮವನ್ನು ನಿರ್ಧರಿಸಬೇಕಾದದ್ದು ಥರ್ಮಾಮೀಟರ್.

ಆರ್ಗನ್‌ನಲ್ಲಿ ಎರಡು ಜಾತಿಯ ಕೊಳವೆಗಳು. ಒಂದು ಕೊಳಲಿನಂತೆ ಗಾಳಿ ಸೀಳಿ ನುಡಿಯುವುದು, ಫ್ಲೂ ಅನ್ನುತ್ತಾರೆ. ಇನ್ನೊಂದು ಹಿತ್ತಾಳೆಯ ನಾಲಗೆ ಬಡಿದು ನುಡಿಯುವುದು, ರೀಡ್. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ, ಫ್ಲೂ ಕೊಳವೆ ಒಂದು ಡಿಗ್ರಿಗೆ ಸುಮಾರು 3 ಸೆಂಟ್‌ನಷ್ಟು (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಏರುತ್ತದೆ. ರೀಡ್‌ನ ಶ್ರುತಿ ಮುಖ್ಯವಾಗಿ ನಾಲಗೆಯ ಉದ್ದ ಮತ್ತು ಬಿಗಿತದ ಕೈಯಲ್ಲಿದೆ, ಅದು ಅಷ್ಟಾಗಿ ಕದಲುವುದಿಲ್ಲ. ಬೆಳಗ್ಗೆ 20 ಡಿಗ್ರಿಯಲ್ಲಿ ಶ್ರುತಿ ಮಾಡಿ, ಸಂಜೆಗೆ ಆರ್ಗನ್ ಗೂಡಿನೊಳಗೆ 24 ಆಯಿತು ಅಂದುಕೊಳ್ಳಿ. ಫ್ಲೂಗಳೆಲ್ಲ 12 ಸೆಂಟ್ ಮೇಲೆ ಹೋಗಿರುತ್ತವೆ, ಟ್ರಂಪೆಟ್ ಇದ್ದಲ್ಲೇ ಉಳಿದಿರುತ್ತದೆ. ಎ 440ರ ಹತ್ತಿರ ಅದು ಸೆಕೆಂಡಿಗೆ ಮೂರು ಬಡಿತ. ಯಾವ ಕೇಳುಗನಿಗೂ ಗೊತ್ತಾಗುವಂಥ ಅಪಶ್ರುತಿ.

ಕೇಳುವವರಿಗೆ ರೀಡ್ ಕೆಟ್ಟಂತೆ ಕೇಳುತ್ತದೆ, ನಿಜಕ್ಕೂ ಸರಿದದ್ದು ಉಳಿದ ಐದು ಸಾವಿರ ಕೊಳವೆ. ಆದರೂ ತಿದ್ದುವುದು ರೀಡನ್ನೇ, ಯಾಕೆಂದರೆ ಅಷ್ಟು ಫ್ಲೂಗಳನ್ನು ಮುಟ್ಟಲು ಸಾಧ್ಯವಿಲ್ಲ, ಮುಟ್ಟಲೂಬಾರದು. ಹಾಗಾಗಿ ನಿಯಮ ಸರಳ: ರೀಡ್ ಹೆಚ್ಚು ಬೇಕಾದ ಕಂತುಗಳನ್ನು ಶ್ರುತಿಗಾರ ಒಳಹೊಕ್ಕು ಬಂದ ಕೂಡಲೇ ಇಡಿ. ಹಾಲ್ ಬಿಸಿಯೇರುತ್ತಾ ಸಾಗುವ ಹೊತ್ತಿನಲ್ಲಿ ಫ್ಲೂ ಮಾತ್ರ ಸಾಕಾಗುವ ಕೃತಿಗಳನ್ನು ಇಡಿ. ಎಲ್ಲ ಫ್ಲೂಗಳೂ ಒಟ್ಟಿಗೆ ಏರುವಾಗ ಒಂದಕ್ಕೊಂದು ಹೊಂದಿಕೊಂಡೇ ಏರುತ್ತವೆ.

ಮಂದ್ರಪೆಡಲ್:
ಹಾಗಾದರೆ ಫ್ರೆಂಚ್ ಕಂತು ಊಟದ ಬಿಡುವಿನ ಮರುಕ್ಷಣಕ್ಕೆ ಬರಬೇಕು. ಗ್ರಾಂ ಜು ಅನ್ನುವ ಫ್ರೆಂಚ್ ಸ್ಟಾಪ್ ಜೋಡಣೆ ಬಹುತೇಕ ರೀಡ್ ತಾನೇ?

ಕೊಳವೆಗೂಡು:
ಹೌದು. 14:30ಕ್ಕೆ ಕೂಪೆರಾಂ, ದ ಗ್ರಿನ್ಯಿ. 12:20ಕ್ಕೆ ಬಾಖ್‌ನ ಟ್ರಿಯೊ ಸೊನಾಟಾ ಮೂರು ಇಡಿ (ಬಾಖ್ ಕೃತಿಪಟ್ಟಿಯ BWV 525ರಿಂದ 530ರೊಳಗೆ ಯಾವುದಾದರೂ), ಅದಕ್ಕೆ 8 ಮತ್ತು 4 ಅಡಿಯ ಫ್ಲೂಟ್, ಪ್ರಿನ್ಸಿಪಾಲ್ ಅನ್ನುವ ಫ್ಲೂ ಸ್ಟಾಪ್ ಸಾಕು (8 ಅಡಿ ಬರೆದ ಸ್ಥಾಯಿಯಲ್ಲೇ ನುಡಿಯುತ್ತದೆ, 4 ಒಂದು ಸ್ಥಾಯಿ ಮೇಲೆ, 16 ಒಂದು ಕೆಳಗೆ). 15:40ಕ್ಕೆ ಪಾಖೆಲ್‌ಬೆಲ್‌ನ ಎಫ್ ಮೈನರ್ ಶಕೋನ್, ಬೋಮ್‌ನ ಕೋರಾಲ್ ಪಾರ್ಟಿಟಾಗಳು (ಲೂಥರನ್ ಸ್ತುತಿಗೀತೆಯ ಧಾಟಿಯನ್ನು ಬಗೆಬಗೆಯಾಗಿ ಹೆಣೆದವು). ಅವೂ ರೀಡ್ ಬೇಡುವುದಿಲ್ಲ. ಬುಕ್ಸ್‌ಟೆಹೂಡೆ, ಬ್ರೂನ್ಸ್ ಇಬ್ಬರಿಗೂ ಪೆಡಲ್‌ನಲ್ಲಿ (ಕಾಲಿನಿಂದ ನುಡಿಸುವ ಕೀಬೋರ್ಡ್) 16 ಅಡಿಯ ಪೊಸಾನೆ ರೀಡ್ ಬೇಕೇ ಬೇಕು, ಅವರು 19:00ಕ್ಕೆ. ಅದಕ್ಕೆ ಮುಂಚೆ 17:35ರಿಂದ 18:30ರವರೆಗೆ ಶ್ರುತಿಗಾರರಿಗೆ ಬಿಟ್ಟುಕೊಡಿ.

ತಿದಿಗಾಳಿ:
ಶ್ರುತಿಯ ಹೊತ್ತಿನ ಬಗ್ಗೆ ಒಂದು ಮಾತು, ಇದನ್ನು ಹಾಲ್‌ನವರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಇಬ್ಬರು ಬೇಕು. ಒಬ್ಬರು ಕನ್ಸೋಲ್‌ನಲ್ಲಿ (ಕೀಬೋರ್ಡ್, ಪೆಡಲ್, ಸ್ಟಾಪ್ ಹಿಡಿಗಳಿರುವ ಮೇಜು) ಕೂತು ಕೀ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗೆ ನಿಂತು ರೀಡ್‌ನ ತಂತಿಯನ್ನು ಕತ್ತಿಯಂಥ ಸಲಕರಣೆಯಿಂದ ಕೂದಲೆಳೆಯಷ್ಟು ಮೇಲೆ ಕೆಳಗೆ ತಟ್ಟಬೇಕು. ಒಂದು ರೀಡ್ ಸ್ಟಾಪ್ ಪರೀಕ್ಷಿಸಿ ತಿದ್ದಲು 15ರಿಂದ 20 ನಿಮಿಷ. ಮಧ್ಯಾಹ್ನದ ಬಿಡುವಿನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಸ್ಟಾಪ್ ಆಗುತ್ತವೆ. ಆದ್ದರಿಂದ ಆ ದಿನ ಯಾವ ರೀಡ್‌ಗಳು ಬೇಕು ಅನ್ನುವ ಪಟ್ಟಿಯನ್ನು ನುಡಿಸುವವರಿಂದ ಒಂದು ವಾರ ಮುಂಚೆಯೇ ಪಡೆಯಿರಿ.

ಆ ಹೊತ್ತಿನಲ್ಲಿ ಹಾಲ್ ಪೂರ್ತಿ ನಿಶ್ಶಬ್ದವಾಗಿರಬೇಕು. ಕಸ ಹೀರುವ ಯಂತ್ರ, ಕುರ್ಚಿ ಜೋಡಿಸುವ ಸದ್ದು, ಪಕ್ಕದಲ್ಲೇ ಪಿಯಾನೊ ಶ್ರುತಿ, ಇವುಗಳಲ್ಲಿ ಒಂದಿದ್ದರೂ ಬಡಿತ ಕೇಳಿಸುವುದಿಲ್ಲ. ವೇದಿಕೆಯ ದೀಪಗಳು ಮಾತ್ರ ಕಛೇರಿಯಲ್ಲಿ ಇರುವಷ್ಟೇ ಉರಿಯುತ್ತಿರಲಿ. ಕತ್ತಲಲ್ಲಿ ತಣ್ಣಗಿರುವ ಹಾಲ್‌ನಲ್ಲಿ ಮಾಡಿದ ಶ್ರುತಿ ದೀಪ ಹಚ್ಚಿದ ಒಂದು ಗಂಟೆಯಲ್ಲಿ ಹೋಗುತ್ತದೆ.

ಹವಾನಿಯಂತ್ರಣವನ್ನು ಹಿಂದಿನ ಸಂಜೆಯೇ ಕಛೇರಿಯ ಉಷ್ಣಾಂಶಕ್ಕೆ ತಂದು ರಾತ್ರಿಯಿಡೀ ಹಾಗೇ ಬಿಡಬೇಕು. ಮರದ ಗಾಳಿಪೆಟ್ಟಿಗೆ, ಸೀಸದ ಕೊಳವೆ ಎಲ್ಲವೂ ಅದಕ್ಕೆ ಒಗ್ಗಲು ಗಂಟೆಗಟ್ಟಲೆ ಬೇಕು. ಸ್ವೆಲ್ ಪೆಟ್ಟಿಗೆಯ (ದನಿ ಏರಿಳಿಸಲು ಕೆಲವು ಕೊಳವೆಗಳನ್ನು ಇಟ್ಟಿರುವ ಗೂಡು) ಬಾಗಿಲುಗಳನ್ನು ಬಿಡುವಿನಲ್ಲೆಲ್ಲ ತೆರೆದೇ ಇಡಿ, ಮುಚ್ಚಿಟ್ಟರೆ ಒಳಗಿನ ಗಾಳಿ ಹೊರಗಿನದರಿಂದ ಬೇರೆಯಾಗಿ ಆ ವಿಭಾಗವೊಂದೇ ಶ್ರುತಿ ತಪ್ಪುತ್ತದೆ. ಬ್ಲೋವರ್ ಎಲ್ಲಿಂದ ಗಾಳಿ ಎಳೆಯುತ್ತದೆ ನೋಡಿ. ತಣ್ಣನೆಯ ನೆಲಮಾಳಿಗೆಯಿಂದ ಎಳೆದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಹಾರ್ಮೋನಿಯಂನ ತಿದಿ ಎದುರಿಗೆ ಕೂತವರ ಗಾಳಿಯನ್ನೇ ಕುಡಿಯುತ್ತದಲ್ಲ, ಆರ್ಗನ್‌ಗೂ ಹಾಗೇ ಹಾಲ್‌ನ ಗಾಳಿಯೇ ಬೇಕು.

ಶ್ರುತಿಭೇದ:
ಸಮವಿಭಜನೆಯ ದೊಡ್ಡ ಆರ್ಗನ್‌ನಲ್ಲಿ ಸ್ವೇಲಿಂಕ್ ಮತ್ತು ಫ್ರೆಸ್ಕೊಬಾಲ್ಡಿ ನುಡಿಸಿದರೆ ಅವರ ಅರ್ಧ ಮಾತು ನಮಗೆ ಕೇಳುವುದೇ ಇಲ್ಲ. ತಂಬೂರಿ ಚೆನ್ನಾಗಿ ಕೂಡಿದಾಗ ಮೀಟದೆಯೇ ಒಂದು ಅಂತರ ಗಾಂಧಾರ ಏಳುತ್ತದಲ್ಲ, ಅದು ಷಡ್ಜದಿಂದ 386 ಸೆಂಟ್. ಸಮವಿಭಜನೆಯ ಗಾಂಧಾರ 400. ಹಾರ್ಮೋನಿಯಂ ಬಗ್ಗೆ ನಮ್ಮ ಹಿರಿಯರ ತಕರಾರಿನ ಮೂಲ ಆ 14 ಸೆಂಟ್‌ನಲ್ಲೂ ಇದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಫ್ರೆಸ್ಕೊಬಾಲ್ಡಿ ಕಾಲದ ಮೀನ್‌ಟೋನ್ ಶ್ರುತಿಯಲ್ಲಿ ಗಾಂಧಾರ ತಂಬೂರಿಯದ್ದೇ, 386. ಅದಕ್ಕೆ ತೆರುವ ಬೆಲೆ ಪಂಚಮದಲ್ಲಿದೆ: 702 ಇರಬೇಕಾದದ್ದು 696.6ಕ್ಕೆ ಇಳಿಯುತ್ತದೆ. ಹನ್ನೆರಡನೆಯ ಪಂಚಮ, ಜಿ ಶಾರ್ಪ್‌ನಿಂದ ಇ ಫ್ಲ್ಯಾಟ್‌ಗೆ ಹೋಗುವುದು, ಸುಮಾರು 737 ಸೆಂಟ್‌ಗೆ ಉಬ್ಬಿ ಊಳಿಡುತ್ತದೆ. ಅದಕ್ಕೇ ಅದರ ಹೆಸರು ತೋಳ.

ಫ್ರೆಸ್ಕೊಬಾಲ್ಡಿಯ 1635ರ ಫಿಯೋರಿ ಮುಸಿಕಾಲಿಯಲ್ಲಿ ಎಲಿವೇಶನ್ ಟೊಕಾಟಾಗಳಿವೆ (ಚರ್ಚ್ ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಎತ್ತಿ ತೋರುವಾಗ ನುಡಿಸುವವು). ಅವುಗಳಲ್ಲಿ ನೋವು ತುಂಬಿದ ಸ್ವರಗುಂಪು ಬಂದು, ತಡೆದು, ಶುದ್ಧ ಗಾಂಧಾರದ ಮೇಲೆ ಇಳಿಯುತ್ತದೆ. 400 ಸೆಂಟ್‌ನ ಗಾಂಧಾರದಲ್ಲಿ ಆ ಇಳಿಯುವಿಕೆಯೇ ಇಲ್ಲ, ಎರಡೂ ಕಡೆ ಅಷ್ಟಷ್ಟು ಹುಳಿ.

ಹಾಗಾಗಿ ನನ್ನ ಸಲಹೆ: ವೇದಿಕೆಯ ಮೇಲೆ ನಾಲ್ಕು ಸ್ಟಾಪ್‌ನ ಪೆಟ್ಟಿಗೆ ಆರ್ಗನ್ (ಸಾಗಿಸಬಹುದಾದ ಚಿಕ್ಕ ಆರ್ಗನ್) ತಂದಿಟ್ಟು ಕ್ವಾರ್ಟರ್ ಕಾಮಾ ಮೀನ್‌ಟೋನ್‌ಗೆ (ಮೇಲೆ ಹೇಳಿದ ಶ್ರುತಿಯೇ) ಶ್ರುತಿ ಮಾಡಿ, ಬೆಳಗಿನ ಮೊದಲ ಕಂತನ್ನು ಅದರ ಮೇಲೇ ನುಡಿಸಿ. ಕಿವಿ ತಾಜಾ ಇರುವಾಗ ಶುದ್ಧ ಗಾಂಧಾರ ಕೇಳಿದರೆ ದಿನವಿಡೀ ಅದರ ನೆನಪು ಉಳಿಯುತ್ತದೆ.

ಪ್ರಿನ್ಸಿಪಾಲ್8:
ಶ್ರುತಿಭೇದ ಅವರೇ, ಅದೇ ಪೆಟ್ಟಿಗೆ ಆರ್ಗನ್‌ನಲ್ಲಿ ಬಾಖ್‌ನ ಕ್ಲಾವಿಯರ್‌ಯೂಬುಂಗ್ ಸಂಗ್ರಹದ ಮೂರನೇ ಭಾಗದ ಪೆಡಲ್ ಇಲ್ಲದ ಚಿಕ್ಕ ಕೋರಾಲ್‌ಗಳನ್ನೂ ನುಡಿಸಬಹುದಲ್ಲವೇ? ರಾತ್ರಿಯ ಬಾಖ್ ಕಂತಿನಲ್ಲಿ ದೊಡ್ಡದು ಆರ್ಗನ್‌ನಲ್ಲಿ, ಚಿಕ್ಕದು ಪೆಟ್ಟಿಗೆಯಲ್ಲಿ, ಒಳ್ಳೆಯ ಜುಗಲ್‌ಬಂದಿ ಆಗುತ್ತದೆ.

ಶ್ರುತಿಭೇದ:
ಆಸೆ ಒಳ್ಳೆಯದು, ಆದರೆ ಮೀನ್‌ಟೋನ್‌ನಲ್ಲಿ ಆಗದು. ಆ ಚಿಕ್ಕ ಕೋರಾಲ್‌ಗಳ ಕೊನೆಯದು, 689, ಎಫ್ ಮೈನರ್‌ನಲ್ಲಿದೆ. ಅದಕ್ಕೆ ಎ ಫ್ಲ್ಯಾಟ್, ಡಿ ಫ್ಲ್ಯಾಟ್ ಬೇಕು. ಮೀನ್‌ಟೋನ್ ಕೀಬೋರ್ಡ್‌ನಲ್ಲಿ ಆ ಜಾಗದಲ್ಲಿ ಕೂತಿರುವುದು ಜಿ ಶಾರ್ಪ್, ಸಿ ಶಾರ್ಪ್. ಎರಡೂ ಸುಮಾರು 41 ಸೆಂಟ್ ತಗ್ಗು. ಮಧ್ಯೆ ಮರುಶ್ರುತಿ ಮಾಡೋಣ ಅಂದರೆ ನಾಲ್ಕು ಸ್ಟಾಪ್, ಒಂದೊಂದಕ್ಕೆ 54 ಕೊಳವೆ ಅಂದರೂ 216 ಆಯಿತು. ಒಂದೂವರೆ ಎರಡು ಗಂಟೆಯ ಕೆಲಸ. ಅದೂ ಅಲ್ಲದೆ ಮರದ ಮುಚ್ಚುಕೊಳವೆಗಳ ಬಿರಡೆಯನ್ನು ಒಂದೇ ದಿನ ಎರಡು ಸಲ ಎಳೆದಾಡಿದರೆ ಸಡಿಲವಾಗಿ, ರಾತ್ರಿ ನಿಧಾನಕ್ಕೆ ಕೆಳಗೆ ಜಾರುತ್ತವೆ.

ಇನ್ನೊಂದು ಎಚ್ಚರಿಕೆ, ಇದರಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ಟಿಗೆ ಆರ್ಗನ್‌ಗಳ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಎ ಸ್ವರವನ್ನು 415, 440, 465 ಹರ್ಟ್ಸ್ ಮಾಡಬಹುದು. ಸರಿಸಿದಾಗ ಶ್ರುತಿಯ ಎತ್ತರದ ಜೊತೆ ಮೀನ್‌ಟೋನ್‌ನ ತೋಳವೂ ಒಂದು ಮನೆ ಪಕ್ಕಕ್ಕೆ ಹೋಗುತ್ತದೆ. 440ರಲ್ಲಿ ಜಿ ಶಾರ್ಪ್ ಮತ್ತು ಇ ಫ್ಲ್ಯಾಟ್ ನಡುವೆ ಇದ್ದದ್ದು 415ಕ್ಕೆ ಸರಿಸಿದಾಗ ಎ ಮತ್ತು ಇ ನಡುವೆ ಬಂದು ಕೂರುತ್ತದೆ! ಎ ಮೈನರ್ ಕೃತಿ ಕೈಬಿಟ್ಟ ಹಾಗೇ. ಯಾವ ಸ್ಥಾನದಲ್ಲಿ ನುಡಿಸುತ್ತೀರೋ ಅದೇ ಸ್ಥಾನದಲ್ಲಿ ಶ್ರುತಿ ಮಾಡಿಸಿ.

ಮಂದ್ರಪೆಡಲ್:
ಅಂದರೆ ಹ್ಯಾಂಡೆಲ್ ಕಂತಿಗೂ ತೊಂದರೆ. 415ರ ಬರೋಕ್ ಪಿಟೀಲುಗಳು, ಪೆಟ್ಟಿಗೆ ಆರ್ಗನ್, ಬೆಳಗ್ಗೆ ಮೀನ್‌ಟೋನ್.

ಶ್ರುತಿಭೇದ:
ಎರಡು ಪೆಟ್ಟಿಗೆ ತನ್ನಿ. ಒಂದು ಮೀನ್‌ಟೋನ್ 440, ಬೆಳಗಿನ ಕಂತು ಮುಗಿದ ಮೇಲೆ ವೇದಿಕೆಯಿಂದ ಹೊರಗೆ. ಇನ್ನೊಂದು 415, ಎಲ್ಲ ಕೀಗಳಲ್ಲೂ ನಡೆಯುವ ಸೌಮ್ಯ ಶ್ರುತಿಯಲ್ಲಿ. ಬಾಡಿಗೆ ಹೆಚ್ಚು, ಆದರೆ ಬೇರೆ ದಾರಿ ಕಾಣೆ.

ಪ್ರಿನ್ಸಿಪಾಲ್8:
ಹ್ಯಾಂಡೆಲ್ 16:50ಕ್ಕೆ ಇರಲಿ. ಈ ಕಾನ್ಚೆರ್ಟೊಗಳು ಹುಟ್ಟಿದ್ದೇ ಥಿಯೇಟರ್‌ನಲ್ಲಿ, ಆರಟೋರಿಯೊಗಳ ಅಂಕಗಳ ನಡುವೆ ನುಡಿಸಲು. ದಿನವಿಡೀ ನಡೆಯುವ ಪಟ್ಟಿಯಲ್ಲಿ ಹಾಲ್‌ಗೆ ನಿಜವಾಗಿ ಸೇರಿದ ಸಂಗೀತ ಇದೊಂದೇ ಅನ್ನಬಹುದು. ಆ ಕಾಲದ ಇಂಗ್ಲಿಷ್ ಆರ್ಗನ್‌ಗಳಿಗೆ ಸಾಮಾನ್ಯವಾಗಿ ಪೆಡಲ್ ಇರಲಿಲ್ಲ, ಹಾಗಾಗಿ ಪೆಟ್ಟಿಗೆ ಆರ್ಗನ್ ಸಾಕು. ಓಪಸ್ 7ರ ಮೊದಲನೆಯದು ಮಾತ್ರ ಪೆಡಲ್ ಕೇಳುತ್ತದೆ, ಅದನ್ನು ಬಿಡಿ. ಓಪಸ್ 4 (1738) ಆರಿಸಿಕೊಂಡರೆ ಅವಧಿ ಬಹುಮಟ್ಟಿಗೆ ಖಚಿತ. ಓಪಸ್ 7ರಲ್ಲಿ (1761, ಹ್ಯಾಂಡೆಲ್ ತೀರಿಕೊಂಡ ಮೇಲೆ ಅಚ್ಚಾದದ್ದು) ಅಲ್ಲಲ್ಲಿ ಆಡ್ ಲಿಬಿಟಮ್ ಅಂತ ಮಾತ್ರ ಬರೆದಿದೆ, ವಾದಕರು ಮನೋಧರ್ಮದಿಂದ ತುಂಬಬೇಕು. ಎರಡು ನಿಮಿಷವೂ ಆಗಬಹುದು, ಏಳೂ ಆಗಬಹುದು. ಮೊದಲೇ ಕೇಳಿ ಬರೆದುಕೊಳ್ಳಿ. ಇಲ್ಲದಿದ್ದರೆ ಶ್ರುತಿಗಾರರ ಸಂಜೆಯ ಹೊತ್ತನ್ನು ಅದು ತಿನ್ನುತ್ತದೆ.

ಕ್ಲಾವಿಯರ್‌ಯೂಬುಂಗ್ ಪೂರ್ತಿ ಬೇಡ. 1739ರ ಆ ಸಂಗ್ರಹದಲ್ಲಿ 27 ಕೃತಿ, ಒಂದೂಮುಕ್ಕಾಲು ಗಂಟೆ ಸುಮಾರು. ಇ ಫ್ಲ್ಯಾಟ್ ಪ್ರಿಲ್ಯೂಡ್‌ನಿಂದ ಶುರು, ಅದೇ ಕೀಯ ಫ್ಯೂಗ್‌ನಿಂದ ಮುಗಿತಾಯ, ನಡುವೆ ದೊಡ್ಡ ಕೋರಾಲ್ ನಾಲ್ಕು. ಅದರಲ್ಲಿ 686 ಇರಲಿ: ಆರು ಧ್ವನಿ, ಎರಡು ಕಾಲಿಗೂ ಬೇರೆ ಬೇರೆ ಸಾಲು. ವೇದಿಕೆ ಕನ್ಸೋಲ್‌ನಲ್ಲಿ ನುಡಿಸಿದರೆ ಜನ ಕಣ್ಣಾರೆ ನೋಡಬಹುದು.

ಗಾಳಿಮನೆ:
ಬಾಖ್‌ನ ಎಲ್ಲ ಆರ್ಗನ್ ಕೃತಿಗಳನ್ನೂ ಒಂದೇ ದಿನ ಮಾಡಿದವರು ಇದ್ದಾರಲ್ಲ?

ಪ್ರಿನ್ಸಿಪಾಲ್8:
ಇದ್ದಾರೆ. ಪಾಲ್ ಜೇಕಬ್ಸ್ 2000ದಲ್ಲಿ, ಬಾಖ್ ತೀರಿಕೊಂಡ 250ನೇ ವರ್ಷದಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಒಬ್ಬರೇ 18 ಗಂಟೆಯ ಮ್ಯಾರಥಾನ್‌ನಲ್ಲಿ ಅಷ್ಟನ್ನೂ ನುಡಿಸಿದರು. ಆಗ ಅವರಿಗೆ 23. ಅದು ಒಬ್ಬ ವಾದಕನ ಸಾಧನೆ, ತಲೆಬಾಗಬೇಕು. ನಾವು ಮಾತಾಡುತ್ತಿರುವುದು ಹಲವರು ನುಡಿಸುವ, ಜನ ಬಂದು ಹೋಗಿ ಕೇಳುವ ದಿನದ ಬಗ್ಗೆ. ಅಲ್ಲಿ ಕೇಳುಗರ ಕಿವಿಯೇ ಮುಖ್ಯ. ಮಿಕ್ಸ್ಚರ್ (ಒಂದು ಕೀಗೆ ಹಲವು ಸಣ್ಣ ತಾರದನಿ ಕೊಳವೆಗಳು ನುಡಿಯುವ ಸ್ಟಾಪ್) ಹಾಕಿದ ಪೂರ್ಣ ಪ್ಲೇನಮ್, ಅಂದರೆ ತುಂಬುದನಿ, 15 ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಒಳ್ಳೆಯದು ನುಡಿಸಿದರೂ ಒಳಗೆ ಇಳಿಯುವುದಿಲ್ಲ. ಪ್ರತಿ ಕಂತಿನಲ್ಲೂ 8 ಅಡಿಯ ಒಂದೇ ಒಂದು ಸ್ಟಾಪ್‌ನಲ್ಲಿ ನುಡಿಸುವ ಕೃತಿ ಒಂದಾದರೂ ಇರಲಿ. ಕೀಗಳನ್ನೂ ನೋಡಿ. ಬರೋಕ್ ಪಟ್ಟಿಯಲ್ಲಿ ಡಿ ಮೈನರ್, ಜಿ ಮೈನರ್ ತಾವಾಗಿಯೇ ಗುಂಪುಗೂಡುತ್ತವೆ. ಬುಕ್ಸ್‌ಟೆಹೂಡೆಯ ಡಿ ಮೈನರ್ ಪಾಸಕಾಲಿಯಾ (BuxWV 161) ಮುಗಿದ ತಕ್ಷಣ ಬಾಖ್‌ನ ಡಿ ಮೈನರ್ ಟೊಕಾಟಾ ಮತ್ತು ಫ್ಯೂಗ್ (BWV 565) ಇಟ್ಟರೆ ಎರಡೂ ಸೊರಗುತ್ತವೆ.

ಕೊಳವೆಗೂಡು:
ಫ್ರೆಂಚ್ ಕಂತಿನ ಬಗ್ಗೆ ಎರಡು ತಪ್ಪು ಪದೇ ಪದೇ ಆಗುತ್ತವೆ. ಪ್ಲೆಂ ಜು ಅಂದರೆ ಪ್ರಿನ್ಸಿಪಾಲ್‌ಗಳು 16, 8, 4, 2 ಅಡಿ, ಬೂರ್ಡಾಂ, ಮೇಲೆ ಫೂರ್ನಿತ್ಯೂರ್, ಸಿಂಬಾಲ್ ಅನ್ನುವ ಮಿಕ್ಸ್ಚರ್‌ಗಳು. ಕೈಗಳಲ್ಲಿ ರೀಡ್ ಇಲ್ಲ. ಗ್ರಾಂ ಜು ಅಂದರೆ ಟ್ರೊಂಪೆಟ್, ಕ್ಲೆರಾಂ, ಕ್ರೊಮಾರ್ನ್ ರೀಡ್‌ಗಳು, ಜೊತೆಗೆ ಕಾರ್ನೆ, ಪ್ರೆಸ್ಟಾಂ ಅನ್ನುವ ಫ್ಲೂಗಳು. ಇಲ್ಲಿ ಮಿಕ್ಸ್ಚರ್ ಇಲ್ಲ. ಹೊಸಬರು ಎರಡನ್ನೂ ಕಲೆಸಿ ಎಲ್ಲ ಹಾಕಿಬಿಡುತ್ತಾರೆ, ಆಗ ಕೂಪೆರಾಂ ಆರ್ಕೆಸ್ಟ್ರಾದ ಕೊನೆಯಂತೆ ಕೇಳುತ್ತದೆ. ಗ್ರಾಂ ಜುಗೆ ಕಾರ್ನೆ ಸೇರಿಸುವುದು ಅಲಂಕಾರಕ್ಕಲ್ಲ. ಫ್ರೆಂಚ್ ರೀಡ್‌ಗಳು ಮೇಲಿನ ಸ್ಥಾಯಿಯಲ್ಲಿ ಬಡವಾಗುತ್ತವೆ, ಕಾರ್ನೆ ಅಲ್ಲಿ ತುಂಬಿಕೊಡುತ್ತದೆ.

ಎರಡನೆಯದು ಪೆಡಲ್. ಫ್ರೆಂಚ್ ಪೆಡಲ್‌ನ ಟ್ರೊಂಪೆಟ್ 8 ಅಡಿಯದು, ಚಾಂಟ್‌ನ (ಚರ್ಚ್‌ನ ಪ್ರಾಚೀನ ಗಾಯನ) ಸಾಲನ್ನು ಟೆನರ್‌ನಲ್ಲಿ, ಅಂದರೆ ನಡುದನಿಯಲ್ಲಿ, ಹಾಡಲು. ಅಭ್ಯಾಸಬಲದಿಂದ 16 ಅಡಿ ಎಳೆದರೆ ಆ ಸಾಲು ನೆಲ ಹಿಡಿಯುತ್ತದೆ.

ಇನ್ನು ಟಿಯರ್ಸ್. 1 3/5 ಅಡಿಯ ಆ ಸಾಲು ಶುದ್ಧ ಗಾಂಧಾರಕ್ಕೆ ಶ್ರುತಿಯಾಗಿರುತ್ತದೆ. ಒಂಟಿ ಸ್ವರಗಳಲ್ಲಿ ಜೇನು. ಸಮವಿಭಜನೆಯ ಆರ್ಗನ್‌ನಲ್ಲಿ ಅದನ್ನೇ ಹಾಕಿ ಮೂರು ಸ್ವರ ಒಟ್ಟಿಗೆ ಒತ್ತಿದರೆ ಕೊಳವೆಯ ಗಾಂಧಾರ, ಬೆರಳಿನ ಗಾಂಧಾರ ಎರಡೂ ಜಗಳಕ್ಕೆ ಬೀಳುತ್ತವೆ. ದ ಗ್ರಿನ್ಯಿಯ 1699ರ ಪುಸ್ತಕದ ಟಿಯರ್ಸ್ ಅಂ ತಾಯ್ ಒಂದೇ ಸಾಲಿನ ಸೋಲೊ, ಅದು ಹಾಲ್‌ನಲ್ಲೂ ಚೆನ್ನಾಗಿ ನಿಲ್ಲುತ್ತದೆ. ಬಾಖ್ ಆ ಪುಸ್ತಕವನ್ನು ತನ್ನ ಕೈಯಾರೆ ನಕಲು ಮಾಡಿಕೊಂಡಿದ್ದ, ಹಾಗಾಗಿ ರಾತ್ರಿಯ ಕಂತಿಗೂ ಅದೊಂದು ಎಳೆ.

ಗಾಳಿಮನೆ:
ವೇದಿಕೆ ಕನ್ಸೋಲ್ ಸರಿಯೋ, ಆರ್ಗನ್‌ಗೆ ಅಂಟಿದ ಮೆಕ್ಯಾನಿಕಲ್ ಕನ್ಸೋಲ್ ಸರಿಯೋ? ಎಲ್ಬ್‌ಫಿಲ್‌ಹಾರ್ಮೊನಿ, ಸಂಟೋರಿ ಎರಡರಲ್ಲೂ ಎರಡೂ ಇವೆ.

ತಿದಿಗಾಳಿ:
ಕೃತಿ ನೋಡಿ. ಕೊಳವೆಗಳಿಂದ 15 ಮೀಟರ್ ದೂರದ ವೇದಿಕೆ ಕನ್ಸೋಲ್‌ನಲ್ಲಿ ಬೆರಳು ಒತ್ತಿದ 44 ಮಿಲಿಸೆಕೆಂಡು ಆದ ಮೇಲೆ ಸ್ವರ ಕಿವಿಗೆ ಬರುತ್ತದೆ. ಟ್ರಿಯೊ ಸೊನಾಟಾದಂಥ ಮೂರು ಸಾಲಿನ ಹೆಣಿಗೆಗೆ ಅದು ಕಾಟ. ಕೀಯಿಂದ ಕವಾಟದವರೆಗೆ ಮರದ ಪಟ್ಟಿಯೇ ಎಳೆಯುವ ಮೆಕ್ಯಾನಿಕಲ್‌ನಲ್ಲಿ ಸ್ವರದ ಶುರುವೂ ಕೊನೆಯೂ ಬೆರಳಲ್ಲೇ ಇರುತ್ತದೆ, ಪ್ರತಿಧ್ವನಿ ಕಡಿಮೆ ಇರುವ ಹಾಲ್‌ನಲ್ಲಿ ಅದು ಎರಡು ಪಟ್ಟು ಮುಖ್ಯ. ಟ್ರಿಯೊ, ಫ್ರೆಂಚ್ ಕಂತು ಮೇಲಿನ ಮೆಕ್ಯಾನಿಕಲ್ ಕನ್ಸೋಲ್‌ನಲ್ಲಿ ನುಡಿಸಿ, ಕಾಲುಗಳತ್ತ ಒಂದು ಕ್ಯಾಮೆರಾ ಇಟ್ಟು ಪರದೆಯಲ್ಲಿ ತೋರಿಸಿ. ಬುಕ್ಸ್‌ಟೆಹೂಡೆ ಮತ್ತು ಬಾಖ್‌ನ ದೊಡ್ಡ ಕೃತಿಗಳು ಕೆಳಗೆ, ವೇದಿಕೆ ಕನ್ಸೋಲ್‌ನಲ್ಲಿ.

ಬುಕ್ಸ್‌ಟೆಹೂಡೆಯ ಪ್ರಿಲ್ಯೂಡ್‌ಗಳಲ್ಲಿ ಬರುವ ಹಠಾತ್ ಮೌನಗಳನ್ನು ಹಾಲ್‌ನಲ್ಲಿ ಸ್ವಲ್ಪ ಮೊಟಕು ಮಾಡಬೇಕು. ಕಥೀಡ್ರಲ್‌ನಲ್ಲಿ ಆ ಮೌನವನ್ನು ಕಟ್ಟಡ ತುಂಬುತ್ತದೆ, ಇಲ್ಲಿ ತುಂಬುವವರಿಲ್ಲ. ಖಾಲಿ ಹಾಲ್‌ನಲ್ಲಿ ತಾಲೀಮು ಮಾಡಿದಾಗ ಇದು ತಿಳಿಯದು, ಜನ ಕೂತಾಗ ಪ್ರತಿಧ್ವನಿ ಇನ್ನೂ ಇಳಿಯುತ್ತದೆ. ಕನ್ಸೋಲ್‌ನಲ್ಲಿ ಮರುನುಡಿಸುವ ಸೌಲಭ್ಯ ಇದ್ದರೆ ರೆಕಾರ್ಡ್ ಮಾಡಿ 20ನೇ ಸಾಲಿನಲ್ಲಿ ಕೂತು ಕೇಳಿ. ಮಿಕ್ಸ್ಚರ್ ಎಷ್ಟು ಜಾಸ್ತಿಯಾಗಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಮಂದ್ರಪೆಡಲ್:
ಏಳೆಂಟು ವಾದಕರು, ಒಂದೇ ಕನ್ಸೋಲ್. ಸ್ಟಾಪ್ ಜೋಡಣೆಗಳನ್ನು ಉಳಿಸಿಡುವ ಮೆಮೊರಿ ಹೇಗೆ ಹಂಚುವುದು?

ಪ್ರಿನ್ಸಿಪಾಲ್8:
ಪ್ರತಿಯೊಬ್ಬರಿಗೂ ಮೆಮೊರಿಯ ಬೇರೆ ಬೇರೆ ವಿಭಾಗ, ಬೀಗ ಹಾಕಿ. ಹಂಚಿದ ಪಟ್ಟಿಯನ್ನು ಕನ್ಸೋಲ್‌ಗೇ ಅಂಟಿಸಿ. ಹಿಂದಿನ ರಾತ್ರಿ ಎಲ್ಲರದೂ ಮುಗಿದ ಮೇಲೆ ಪೆನ್‌ಡ್ರೈವ್‌ಗೆ ಪ್ರತಿ ತೆಗೆದಿಡಿ. ಒಬ್ಬರ ಸಂಯೋಜನೆಯ ಮೇಲೆ ಇನ್ನೊಬ್ಬರು ಬರೆಯುವುದು ಇಂಥ ದಿನಗಳ ಅತಿ ಸಾಮಾನ್ಯ ಅವಘಡ. 45 ನಿಮಿಷದ ಕಂತಿಗೆ ಸ್ಟಾಪ್ ಹೊಂದಿಸಲು ಕನಿಷ್ಠ ಒಂದೂವರೆ ಗಂಟೆ ಬೇಕು, ಎಂಟು ಕಂತಿಗೆ 12 ಗಂಟೆ ಆಯಿತು. ಎರಡು ದಿನ ಮುಂಚೆ ಶುರು ಮಾಡಿ.

ಪ್ರತಿ ವಾದಕ ಏಳುವಾಗ ನೋಡಬೇಕಾದದ್ದು: ಕ್ರೆಸೆಂಡೊ ಪೆಡಲ್ (ಒತ್ತಿದಂತೆ ಸ್ಟಾಪ್‌ಗಳನ್ನು ಒಂದೊಂದಾಗಿ ಸೇರಿಸುವುದು) ಪೂರ್ತಿ ಮುಚ್ಚಿದೆಯೇ, ಜನರಲ್ ಕ್ಯಾನ್ಸಲ್ (ಎಲ್ಲ ಸ್ಟಾಪ್ ತೆಗೆಯುವ ಗುಂಡಿ) ಒತ್ತಿದೆಯೇ, ಸ್ವೆಲ್ ತೆರೆದಿದೆಯೇ. ಕ್ರೆಸೆಂಡೊ ಒಂದು ಹಲ್ಲಿನಷ್ಟು ತೆರೆದಿದ್ದರೂ ಎಳೆಯದ ಸ್ಟಾಪ್‌ಗಳು ಸೇರಿಕೊಂಡು ನುಡಿಯುತ್ತವೆ, ಮುಂದಿನವರಿಗೆ ಎಲ್ಲಿ ತಪ್ಪಿತು ಅಂತಲೇ ತಿಳಿಯುವುದಿಲ್ಲ. ಬೆಂಚಿನ ಎತ್ತರಕ್ಕೂ ಒಬ್ಬೊಬ್ಬರ ಗುರುತು ಹಾಕಿಡಿ.

ಗಾಳಿಮನೆ:
ನಡುವೆ ಸೈಫರ್ ಆದರೆ? ಕೀ ಬಿಟ್ಟರೂ ಸ್ವರ ಕೂಗುತ್ತಲೇ ಇದ್ದರೆ?

ಕೊಳವೆಗೂಡು:
ಬ್ಲೋವರ್ ನಿಲ್ಲಿಸಬೇಡಿ. ಮೊದಲು ಆ ಕೀಯನ್ನು ಎರಡು ಮೂರು ಸಲ ಚುರುಕಾಗಿ ಒತ್ತಿ ಬಿಡಿ, ಕವಾಟದ ಕೆಳಗೆ ಸಿಕ್ಕ ಧೂಳು ಕೆಲವೊಮ್ಮೆ ಹಾರಿಹೋಗುತ್ತದೆ. ನಿಲ್ಲದಿದ್ದರೆ ಸ್ಟಾಪ್‌ಗಳನ್ನು ಒಂದೊಂದಾಗಿ ಒಳಗೆ ತಳ್ಳಿ. ಒಂದು ಸ್ಟಾಪ್ ತಳ್ಳಿದಾಗ ನಿಂತರೆ ಅದನ್ನು ಬಿಟ್ಟು ಉಳಿದವುಗಳಲ್ಲಿ ಮುಂದುವರಿಯಿರಿ. ಎಳೆದ ಎಲ್ಲ ಸ್ಟಾಪ್‌ನಲ್ಲೂ ಕೂಗುತ್ತಿದ್ದರೆ ಅದು ಕವಾಟದ್ದೋ ಮ್ಯಾಗ್ನೆಟ್‌ದ್ದೋ ತೊಂದರೆ. ಆ ಮ್ಯಾನುಯಲ್‌ನ (ಕೈಯಿಂದ ನುಡಿಸುವ ಕೀಬೋರ್ಡ್) ಸ್ಟಾಪ್‌ಗಳನ್ನೆಲ್ಲ ತೆಗೆದು ಬೇರೆ ಮ್ಯಾನುಯಲ್‌ಗೆ ಹೋಗಿ. ಶ್ರುತಿಗಾರರು ದಿನವಿಡೀ ಕಟ್ಟಡದಲ್ಲೇ ಇರಬೇಕು, ಒಳಗಿನ ಬಾಗಿಲಿನ ಕೀಲಿಕೈ ಅವರ ಬಳಿಯೇ ಇರಬೇಕು. ಚಳಿಗಾಲದಲ್ಲಿ ಹೀಟರ್‌ನಿಂದ ಗಾಳಿ ಒಣಗಿದರೆ ಮರ ಕುಗ್ಗಿ ಈ ತೊಂದರೆ ಹೆಚ್ಚು, ತೇವಾಂಶ 45ರಿಂದ 60 ಪ್ರತಿಶತದೊಳಗೆ ಇರುವಂತೆ ಒಂದು ವಾರದಿಂದಲೇ ನೋಡಿಕೊಳ್ಳಿ.

ಮಂದ್ರಪೆಡಲ್:
ತಿದ್ದಿದ ಪಟ್ಟಿ. 10:00 ಸ್ವೇಲಿಂಕ್, ಫ್ರೆಸ್ಕೊಬಾಲ್ಡಿ, ಮೀನ್‌ಟೋನ್ ಪೆಟ್ಟಿಗೆಯಲ್ಲಿ. 11:10 ಸ್ಪೇನ್‌ನ ಕೊರ್ರೆಯಾ ದ ಅರೌಹೊ, ಕಾಬನಿಲ್ಯೆಸ್. 12:20 ಟ್ರಿಯೊ ಸೊನಾಟಾ ಮೂರು. ರೀಡ್ ಶ್ರುತಿ. 14:30 ಕೂಪೆರಾಂ, ದ ಗ್ರಿನ್ಯಿ. 15:40 ಪಾಖೆಲ್‌ಬೆಲ್, ಬೋಮ್. 16:50 ಹ್ಯಾಂಡೆಲ್ ಓಪಸ್ 4ರಿಂದ ಮೂರು. ರೀಡ್ ಶ್ರುತಿ. 19:00 ಬುಕ್ಸ್‌ಟೆಹೂಡೆ, ಬ್ರೂನ್ಸ್‌ನ ದೊಡ್ಡ ಇ ಮೈನರ್. 20:15 ಬಾಖ್, BWV 552ರ ಇ ಫ್ಲ್ಯಾಟ್ ಪ್ರಿಲ್ಯೂಡ್ ಮೊದಲು, ಫ್ಯೂಗ್ ಕೊನೆಗೆ.

ಶ್ರುತಿಭೇದ:
11:10ಕ್ಕೆ ಒಂದು ತಿದ್ದುಪಡಿ. ಸ್ಪೇನ್‌ನ ಅರ್ಧ ಸ್ಟಾಪ್ ಕೃತಿಗಳು ಕೀಬೋರ್ಡನ್ನು ನಡುವಿನ ಸಿ ಮತ್ತು ಸಿ ಶಾರ್ಪ್ ನಡುವೆ ಎರಡು ಮಾಡಿ, ಬಲಗೈಗೆ ಒಂದು ಬಣ್ಣ, ಎಡಗೈಗೆ ಇನ್ನೊಂದು ಕೊಡುತ್ತವೆ. ಹಾಲ್ ಆರ್ಗನ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಎರಡು ಮ್ಯಾನುಯಲ್‌ಗೆ ಹಂಚಬೇಕು. ಆದರೆ ಒಳಸಾಲುಗಳು ಒಂದು ಕೈಯಿಂದ ಇನ್ನೊಂದಕ್ಕೆ ದಾಟುವ ಕಡೆ ಬೆರಳಿಟ್ಟು ಹೊಸದಾಗಿ ಕಲಿಯಬೇಕಾಗುತ್ತದೆ. ಆ ವಾದಕರಿಗೆ ಒಂದೂವರೆ ಗಂಟೆ ಸಾಲದು, ಎರಡೂವರೆ ಕೊಡಿ. ರೀಡ್ ಬೇಡುವ ಬಟಾಲ್ಯಾ (ಯುದ್ಧದ ಸದ್ದನ್ನು ಅನುಕರಿಸುವ ಕೃತಿ) ಇದ್ದರೆ ಅದನ್ನು ಕಂತಿನ ಮೊದಲಿಗೇ ಇಡಿ, ಬೆಳಗಿನ ಶ್ರುತಿ ಆಗಿನ್ನೂ ಹಿಡಿದಿರುತ್ತದೆ.